ತಿರುವಿನಲ್ಲಿ ಉಪ್ಪಿನಕಾಯಿ

ಗಂಟೆಗೆ ಎಂಬತ್ತು ಮೈಲಿ ವೇಗದಲ್ಲಿ ಓಡುವ ಮೋಟಾರ್ ಸೈಕಲ್ಲನ್ನು ತಿರುವಿನಲ್ಲಿ ಹೇಗೆ ತಿರುಗಿಸಬೇಕೆಂಬುದು ನನಗೆ ಚೆನ್ನಾಗಿ ಗೊತ್ತು. ಬ್ರೇಕನ್ನು ಎಲ್ಲಿ ಹಿಡಿಯಬೇಕು, ಎಷ್ಟು ಹಿಡಿಯಬೇಕು, ಎಲ್ಲಿ ಬಿಡಬೇಕು, ಕಣ್ಣು ಯಾವ ಕಡೆ ಇರಬೇಕು, ಮೈ ಎಷ್ಟು ವಾಲಬೇಕು, ಇದನ್ನೆಲ್ಲ ಯಾರಾದರೂ ಕೇಳಿದರೆ ಚಿತ್ರ ಬರೆದು ವಿವರಿಸಬಲ್ಲೆ. ಯಾರೂ ಕೇಳುವುದಿಲ್ಲವೆನ್ನುವುದು ಬೇರೆ ಮಾತು. ನಾನು ಇದುವರೆಗೆ ಸ್ವತಃ ಓಡಿಸಿದ ವಾಹನವೆಂದರೆ ತೀರ್ಥಹಳ್ಳಿಯಲ್ಲಿ, ನನ್ನ ಏಳನೆಯ ವಯಸ್ಸಿನಲ್ಲಿ, ಚಿಕ್ಕಪ್ಪನ ಮಗಳ ಮೂರು ಗಾಲಿಯ ಸೈಕಲ್ಲು. ಅದನ್ನೂ ತುಳಸಿಕಟ್ಟೆಗೆ ಗುದ್ದಿದೆ. ಓದಿ ತಿಳಿದವರ ಪಾಡೇ ಇಷ್ಟು. ಒಂದು ವಿಷಯವನ್ನು ತಲೆ ಅರ್ಧ ಗಂಟೆಯಲ್ಲಿ ಒಪ್ಪಿಕೊಂಡುಬಿಡುತ್ತದೆ. ಮೈ ಮಾತ್ರ ತನಗೆ ಯಾರೂ ತಿಳಿಸಲೇ ಇಲ್ಲವೆಂಬಂತೆ ತನ್ನ ಹಳೆಯ ಹಾದಿಯಲ್ಲೇ ನಡೆಯುತ್ತದೆ. ನನ್ನ ತಲೆಗೂ ಮೈಗೂ ನಡುವಿನ ಈ ವೈಮನಸ್ಯ ಒಂದು ಭರಣಿ ಮಿಡಿ ಉಪ್ಪಿನಕಾಯಿಯ ಮೂಲಕ ಬಯಲಾಯಿತು. ಅದನ್ನು ಹೇಳಿಕೊಳ್ಳಲು ನನಗೆ ವಿಶೇಷ ಇಷ್ಟವೇನಿಲ್ಲ. ಆದರೆ ನಮ್ಮ ಅತ್ತೆ ಅದನ್ನು ಆನಂದಪುರದಲ್ಲಿ ಆಗಲೇ ಎಲ್ಲರಿಗೂ ಹೇಳಿಯಾಗಿದೆ. ಆದ್ದರಿಂದ ಸರಿಯಾದ ವಿವರಗಳೊಂದಿಗೆ ನಾನೇ ಬರೆದಿಡುವುದು ಮೇಲು.

ಮೈಸೂರಿನಲ್ಲಿ ಭೌತವಿಜ್ಞಾನದ ಎಂ.ಎಸ್ಸಿ. ಮುಗಿಸಿದ ಮರುವರ್ಷವೇ ನನ್ನ ಮದುವೆಯಾಯಿತು. ನಮ್ಮವರು, ಅತ್ತೆಯ ಬಾಯಲ್ಲಿ ಸೀನ, ರಸ್ತೆಯ ಓವರ್‌ಸಿಯರ್. ಮನೆ ಆನಂದಪುರದಲ್ಲಿ, ಕಚೇರಿ ಸಾಗರದಲ್ಲಿ. ದಿನವೂ ಹೋಗಿಬರಲು ಅವರಲ್ಲೊಂದು ಮೋಟಾರ್ ಸೈಕಲ್ಲಿತ್ತು. ಊರು ಬಿಟ್ಟು ಹೊರಟ ಕಾಫಿ ತೋಟದ ದೊರೆಯೊಬ್ಬರಿಂದ ಕೊಂಡದ್ದು. ದೊರೆ ಅದರ ಜೊತೆಗೆ ಒಂದು ಟ್ರಂಕಿನ ತುಂಬ ಇಂಗ್ಲಿಷ್ ಪತ್ರಿಕೆಗಳನ್ನೂ ದಾಟಿಸಿದ್ದ. ಎಲ್ಲವೂ ಮೋಟಾರ್ ಸೈಕಲ್ ರೇಸಿಗೆ ಸಂಬಂಧಪಟ್ಟವು. ಮದುವೆಯಾದ ಹೊಸತರಲ್ಲಿ ಗಂಡಹೆಂಡಿರು ಏನು ಮಾತಾಡುತ್ತಾರೆಂದು ನನಗೆ ಮೊದಲು ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ನಾನು ಪತ್ರಿಕೆ ಓದಿ ಅರ್ಥ ಹೇಳುತ್ತಿದ್ದೆ, ಅವರು ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಪುರಾಣ ಪ್ರವಚನದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಪುರಾಣದ ಮೊದಲನೆಯ ಅಧ್ಯಾಯ ಬ್ರೇಕಿನದು. ಮುಂದಿನ ಬ್ರೇಕನ್ನು ಹಿಡಿದರೆ ಗಾಡಿ ಮಗುಚಿ ಬೀಳುತ್ತದೆಂಬುದು ನಮ್ಮ ಕಡೆಯವರ ದೃಢವಾದ ನಂಬಿಕೆ. ನಮ್ಮವರು ಆ ಬ್ರೇಕಿನ ಹಿಡಿಯನ್ನು ಊಟದ ಡಬ್ಬಿಯ ಚೀಲ ತೂಗುಹಾಕಲು ಬಳಸುತ್ತಿದ್ದರು. ರೇಸಿನವರು ಹೇಳುವುದೇ ಬೇರೆ. ವೇಗ ತಗ್ಗುವಾಗ ಭಾರವೆಲ್ಲ ಮುಂದಿನ ಗಾಲಿಯ ಮೇಲೆ ಬೀಳುತ್ತದೆ, ಆದ್ದರಿಂದ ನಿಜವಾದ ಕೆಲಸ ಮಾಡುವುದು ಮುಂದಿನ ಬ್ರೇಕೇ. ಆದರೆ ಗಬಕ್ಕನೆ ಹಿಡಿಯಬಾರದು, ನಿಂಬೆಹಣ್ಣು ಹಿಂಡುವಂತೆ ಸ್ವಲ್ಪ ಸ್ವಲ್ಪವಾಗಿ ಹಿಂಡಬೇಕು. ಅದೂ ತಿರುವಿನೊಳಗಲ್ಲ, ತಿರುವಿಗೆ ಮುಂಚೆ, ಗಾಡಿ ನೆಟ್ಟಗಿರುವಾಗ. ತಿರುವಿನೊಳಗೆ ಹೋದ ಮೇಲೆ ಬ್ರೇಕು ನೆನಪಾದರೆ ಆ ನೆನಪಿನಿಂದ ಯಾರಿಗೂ ಉಪಯೋಗವಿಲ್ಲ. ಈ ಅಧ್ಯಾಯವನ್ನು ನಾನು ವಿಶೇಷ ಶ್ರದ್ಧೆಯಿಂದ ವಿವರಿಸಿದೆ. ಅದಕ್ಕೊಂದು ಖಾಸಗಿ ಕಾರಣವಿತ್ತು. ಹಿಂದಿನ ಸೀಟಿನಲ್ಲಿ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂರುವ ನಾನು ನಮ್ಮವರಿಗೂ ನನಗೂ ನಡುವೆ ಒಂದು ಚೀಲದಷ್ಟು ಅಂತರ ಇಟ್ಟುಕೊಳ್ಳುತ್ತಿದ್ದೆ. ಅವರು ಒಮ್ಮೆ ಗಬಕ್ಕನೆ ಬ್ರೇಕು ಹಾಕಿದರೆ ಸಾಕು, ಆ ಅಂತರ ಆನಂದಪುರದ ಪೇಟೆಬೀದಿಯ ನಡುವೆ, ಅಂಗಡಿಯ ಕಟ್ಟೆಗಳ ಮೇಲೆ ಕೂತಿದ್ದ ಅಷ್ಟೂ ಜನರ ಎದುರಿಗೆ ಇಲ್ಲವಾಗುತ್ತಿತ್ತು. ರೇಸಿನವರು ಗೆಲ್ಲಲು ಕಲಿತ ವಿದ್ಯೆ ನನಗೆ ಮರ್ಯಾದೆ ಉಳಿಸಿಕೊಳ್ಳಲು ಒದಗಿತು.

ರೇಸಿನವರು ಎಲ್ಲಿ ಬ್ರೇಕು ಹಿಡಿಯಬೇಕೆಂಬುದಕ್ಕೆ ಒಂದು ಗುರುತು ಇಟ್ಟುಕೊಳ್ಳುತ್ತಾರಂತೆ, ಒಂದು ಮರವೋ ಹಲಗೆಯೋ. ನಮ್ಮವರೂ ಗುರುತುಗಳನ್ನು ಇಟ್ಟುಕೊಂಡರು. ಒಂದು ಮೈಲಿಗಲ್ಲು, ಒಂದು ಮೋರಿ, ಒಂದು ಕಡೆ ರಸ್ತೆಯ ಅಂಚಿನಲ್ಲಿ ಮೇಯುತ್ತಿದ್ದ ಎಮ್ಮೆ. ಮರುದಿನ ಎಮ್ಮೆ ಅಲ್ಲಿರಲಿಲ್ಲ. ಅವರು ಬ್ರೇಕು ಹಿಡಿಯಲೂ ಇಲ್ಲ. ಆ ತಿರುವನ್ನು ನಾವು ಹೇಗೆ ದಾಟಿದೆವೆಂಬುದನ್ನು ಇಬ್ಬರೂ ಮನೆಯಲ್ಲಿ ಹೇಳಲಿಲ್ಲ. ಎರಡನೆಯ ಅಧ್ಯಾಯ ದಾರಿಯದು. ರೇಸಿನವರು ರಸ್ತೆಯ ಪೂರಾ ಅಗಲವನ್ನು ಬಳಸುತ್ತಾರೆ; ಹೊರ ಅಂಚಿನಿಂದ ಒಳಗೆ ನುಗ್ಗಿ, ತಿರುವಿನ ಒಳಮೂಲೆಯನ್ನು ಸವರಿ, ಮತ್ತೆ ಹೊರ ಅಂಚಿಗೆ ಬರುತ್ತಾರೆ. ಇದನ್ನು ಓದಿ ನಮ್ಮವರ ಕಣ್ಣು ಹೊಳೆಯಿತು. ನಾನು ಪತ್ರಿಕೆ ಮುಚ್ಚಿ, ಆ ರಸ್ತೆಯಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ನಮ್ಮ ರಸ್ತೆಯಲ್ಲಿ ಮರದ ಲಾರಿ ಬರುತ್ತದೆ ಎಂದೆ. ಆ ಅಧ್ಯಾಯವನ್ನು ನಾವು ಭಕ್ತಿಯಿಂದ ಕೇಳಿ ಅಲ್ಲಿಗೇ ಬಿಟ್ಟೆವು.

ಮೂರನೆಯದು ವಾಲುವ ಅಧ್ಯಾಯ. ತಿರುವಿನಲ್ಲಿ ಗಾಡಿ ಒಳಬದಿಗೆ ವಾಲಬೇಕು, ಅದರ ಜೊತೆ ಕೂತವರೂ ವಾಲಬೇಕು. ಹಿಂದೆ ಕೂತವರು ಹೆದರಿ ಎದುರು ಬದಿಗೆ ಬಾಗಿದರೆ ಮುಂದಿನವನ ಲೆಕ್ಕವೆಲ್ಲ ತಪ್ಪುತ್ತದೆ. ಇದಕ್ಕೆ ನನಗೆ ಪತ್ರಿಕೆಯೇ ಬೇಕಿರಲಿಲ್ಲ. ಇದು ನಾನು ಪರೀಕ್ಷೆಗೆ ಬರೆದು ಒಳ್ಳೆಯ ಅಂಕ ಪಡೆದ ಪಾಠ. ಎಷ್ಟು ಒಳ್ಳೆಯ ಅಂಕ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಮುಂದೆ ಆದದ್ದನ್ನು ನೀವು ಓದಿದ ಮೇಲೆ ಅದು ನನಗೇ ಮುಜುಗರ.

ಆ ವರ್ಷದ ಬೇಸಿಗೆ ರಜೆಯಲ್ಲಿ ಸಾಗರದ ಒಂದು ಹೈಸ್ಕೂಲಿನಿಂದ ನನಗೆ ಕಾಗದ ಬಂತು. ವಿಜ್ಞಾನದ ಪಾಠಕ್ಕೆ ಕೆಲಸ ಖಾಲಿ ಇದೆ, ಒಪ್ಪಿಗೆಯಿದ್ದರೆ ಎಂಟು ದಿನದೊಳಗೆ ತಿಳಿಸಬೇಕು. ಕಾಗದವನ್ನು ನಾನು ನಾಲ್ಕು ಸಲ ಓದಿದೆ. ಮೈಸೂರಿನಿಂದ ತಂದ ಪುಸ್ತಕಗಳು ಒಂದು ವರ್ಷದಿಂದ ಅಟ್ಟದ ಮೇಲಿದ್ದವು. ಅವುಗಳನ್ನು ಇಳಿಸಲು ನನಗೊಂದು ನೆಪ ಬೇಕಾಗಿತ್ತು, ಅದು ಸಿಕ್ಕಿತ್ತು. ತೊಂದರೆಯಿದ್ದದ್ದು ಹೋಗಿಬರುವುದರಲ್ಲಿ. ಬಸ್ಸು ಸಾಗರ ಮುಟ್ಟುವ ಹೊತ್ತಿಗೆ ಎರಡನೆಯ ಪಿರಿಯಡ್ ಮುಗಿದಿರುತ್ತದೆ. ರೈಲಿನ ವೇಳೆಗೂ ಶಾಲೆಯ ವೇಳೆಗೂ ಯಾವ ಸಂಬಂಧವೂ ಇರಲಿಲ್ಲ. ಉಳಿದದ್ದು ನಮ್ಮವರ ಹಿಂದಿನ ಸೀಟು. ಅದಕ್ಕೆ ಅತ್ತೆಯ ಒಪ್ಪಿಗೆ ಬೇಕು.

ನಮ್ಮ ಅತ್ತೆ ಹೊಸನಗರದ ಕಡೆಯ ನಿಟ್ಟೂರಿನವರು. ಕೆಲಸಕ್ಕೆ ಹೋಗುವ ಸೊಸೆಯ ಬಗ್ಗೆ ಅವರಿಗೆ ಆಕ್ಷೇಪಣೆ ಇರಲಿಲ್ಲ. ಅವರ ಆಕ್ಷೇಪಣೆ ಒಂದು ಚಿತ್ರದ ಬಗ್ಗೆ. ಹಿಂದೊಂದು ದಿನ ದೊರೆಯ ಪತ್ರಿಕೆಗಳನ್ನು ಬಿಸಿಲಿಗೆ ಹರಡಿದ್ದಾಗ ಅವರು ಅದನ್ನು ನೋಡಿದ್ದರು. ಪಕ್ಕದಲ್ಲಿ ತೊಟ್ಟಿಲು, ಅಂದರೆ ಸೈಡ್ ಕಾರ್, ಜೋಡಿಸಿದ ರೇಸಿನ ಮೋಟಾರ್ ಸೈಕಲ್ಲು. ತಿರುವಿನಲ್ಲಿ ತೊಟ್ಟಿಲಿನ ಗಾಲಿ ಮೇಲೇಳದಿರಲೆಂದು ಅದರಲ್ಲಿದ್ದವನು ಇಡೀ ಮೈಯನ್ನು ಹೊರಗೆ ಚಾಚಿ, ನೆಲಕ್ಕೆ ನಾಲ್ಕು ಬೆರಳಿನಷ್ಟು ಮೇಲೆ ಜೋತುಬಿದ್ದಿದ್ದಾನೆ. ಶಾಲೆಯ ಕಾಗದ ಬಂದ ದಿನ ಆ ಚಿತ್ರವನ್ನೇ ಹುಡುಕಿ ತಂದು ನಮ್ಮ ಮುಂದೆ ಹಿಡಿದರು.

"ಇದೆಂತದು ಹೇಳು ವತ್ಸಲಾ. ಹಿಂದೆ ಕೂತವ್ರ ಗತಿ ಇದಾ?"

"ಅವನು ಬೇಕಂತಲೇ ಹಾಗೆ ಬಾಗಿರೋದು ಅತ್ತೆ. ಗಾಡಿ ಮಗುಚಬಾರದು ಅಂತ."

"ಹಂಗಾದ್ರೆ ಗಾಡಿ ಮಗುಚೋದು ಹೌದಲ್ದಾ?"

ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು, ಆದರೆ ಅದಕ್ಕೆ ಕಪ್ಪುಹಲಗೆ ಬೇಕಿತ್ತು. ನಮ್ಮವರು ನಡುವೆ ಬಾಯಿ ಹಾಕಿ, "ಅಮ್ಮಾ, ನಾನು ತಿರುವಲ್ಲಿ ಎಷ್ಟು ನಯವಾಗಿ ಹೋಗ್ತೀನಿ ಅಂದ್ರೆ, ತುಂಬಿದ ಲೋಟ ಇಟ್ಟರೂ ಚೆಲ್ಲೋದಿಲ್ಲ" ಎಂದರು. ಗಂಡಸರು ಈ ಬಗೆಯ ಮಾತನ್ನು ತಮ್ಮ ತಾಯಿಯ ಎದುರಿಗೆ ಆಡಬಾರದು. ಅತ್ತೆ ಎದ್ದು ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಒಂದು ಭರಣಿಯಿತ್ತು.

ನಮ್ಮ ಅತ್ತೆಯ ಮಿಡಿ ಉಪ್ಪಿನಕಾಯಿಯ ವಿಷಯ ಎರಡು ಮಾತು ಹೇಳಬೇಕು. ಮಿಡಿಗಳು ಪ್ರತಿವರ್ಷ ನಿಟ್ಟೂರಿನ ಅವರ ತವರಿನಿಂದ ಬರುತ್ತವೆ. ಉಪ್ಪಿನಲ್ಲಿ ಚಿರುಟಿ, ತಾವೇ ಬಿಟ್ಟುಕೊಂಡ ನೀರಿನಲ್ಲಿ ಸಾಸಿವೆ, ಮೆಣಸು, ಅರಿಸಿನ, ಇಂಗು ಬೆರೆಸಿಕೊಂಡು ಭರಣಿಯೊಳಗೆ ಕೂತರೆ ಅವುಗಳಿಗೆ ಮನೆಯ ಹಿರಿಯರ ಸ್ಥಾನ. ಒದ್ದೆ ಕೈ ತಾಗುವಂತಿಲ್ಲ, ಯಾರೆಂದರೆ ಅವರು ಮುಚ್ಚಳ ತೆಗೆಯುವಂತಿಲ್ಲ. ಪ್ರತಿವರ್ಷ ಒಂದು ಭರಣಿ ಸಾಗರದಲ್ಲಿರುವ ಗಿರಿಜತ್ತಿಗೆಗೆ ಹೋಗುತ್ತದೆ. ಗಿರಿಜತ್ತಿಗೆಯೆಂದರೆ ನಮ್ಮವರ ಅಕ್ಕ. ಇದುವರೆಗೆ ಭರಣಿ ಬಸ್ಸಿನಲ್ಲಿ, ಅತ್ತೆಯ ತೊಡೆಯ ಮೇಲೆಯೇ ಪ್ರಯಾಣ ಮಾಡುತ್ತಿತ್ತು.

ಅತ್ತೆ ನಮ್ಮ ಎದುರಿಗೇ ಭರಣಿಯ ಕಂಠದವರೆಗೂ ರಸ ತುಂಬಿದರು. ಮುಚ್ಚಳವಿಡದೆ, ಬಾಯಿಗೆ ಬಿಳಿಯ ಬಟ್ಟೆ ಬಿಗಿದು ದಾರ ಸುತ್ತಿದರು. "ನಾಳೆ ನೀನು ಇದ್ನ ತೊಡೆ ಮೇಲೆ ಇಟ್ಕಂಡು ಸೀನನ ಹಿಂದೆ ಕೂತು ಹೋಗು. ಗಿರಿಜಂಗೆ ಕೊಟ್ಟು ಸಂಜೆ ಬಟ್ಟೆ ಮಾತ್ರ ವಾಪಸ್ ತಗಂಡು ಬಾ. ಕಲೆ ಇಲ್ದಿದ್ರೆ ಕಾಗದ ಬರಿ, ಕೆಲ್ಸಕ್ಕೆ ಬರ್ತೀನಿ ಅಂತ. ಕಲೆ ಇದ್ರೆ, ಭರಣಿಯಿಂದ ಉಪ್ಪಿನಕಾಯೇ ಬಿದ್ದು ಹೋಗೋ ಗಾಡಿಯಿಂದ ನೀನು ಬೀಳಲ್ಲ ಅಂತ ಎಂತ ಗ್ಯಾರಂಟಿ?"

ನಾನು ಮನಸ್ಸಿನಲ್ಲೇ ಮೆಚ್ಚಿದೆ. ಮೈಸೂರಿನ ಪ್ರಯೋಗಶಾಲೆಯಲ್ಲೂ ಇಷ್ಟು ಚೊಕ್ಕವಾದ ಉಪಕರಣವನ್ನು ನಾನು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಹೊರಟೆವು. ನಮ್ಮವರು ಊಟದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟಿದ್ದರು. ಮುಂದಿನ ಬ್ರೇಕಿನ ಹಿಡಿ ಪೂರಾ ಬಿಡುವಾಗಿತ್ತು. ಅವರು ಅವತ್ತು ಓಡಿಸಿದಂತೆ ಹಿಂದೆ ಎಂದೂ ಓಡಿಸಿರಲಿಲ್ಲ. ಮೈಲಿಗಲ್ಲು ಬಂದ ಕೂಡಲೇ ಬ್ರೇಕನ್ನು ಮೆಲ್ಲಗೆ ಹಿಂಡುವರು, ಗಾಡಿ ನೆಟ್ಟಗಿರುವಾಗಲೇ ವೇಗ ಇಳಿಸುವರು, ಆಮೇಲೆ ಬ್ರೇಕು ಬಿಟ್ಟು, ತಿರುವಿನ ಆಚೆ ಕೊನೆಯತ್ತ ಮುಖ ತಿರುಗಿಸಿ, ಸಣ್ಣಗೆ ವಾಲಿ, ಅದೇ ಹದದಲ್ಲಿ ಸುತ್ತಿಸಿಕೊಂಡು ಹೊರಗೆ ಬರುವರು. ಪತ್ರಿಕೆಯಲ್ಲಿ ಬರೆದವನು ನೋಡಿದ್ದರೆ ಕಣ್ಣೀರು ಹಾಕುತ್ತಿದ್ದ. ಮೊದಲ ಮೂರು ತಿರುವುಗಳು ದೊಡ್ಡವಲ್ಲ. ಬಟ್ಟೆ ಅತ್ತೆ ಕಟ್ಟಿದಾಗ ಇದ್ದಷ್ಟೇ ಬೆಳ್ಳಗಿತ್ತು. "ಹ್ಯಾಗಿದೆ?" ಎಂದು ನಮ್ಮವರು ಗಾಳಿಗೆ ಕೂಗಿದರು. "ಒಣಗಿದೆ," ಎಂದು ನಾನು ಕೂಗಿದೆ. ನಾನು ರಸ್ತೆಯಲ್ಲಿ ಕೂಗಿದ್ದು ಅದೇ ಮೊದಲು.

ನಾಲ್ಕನೆಯದು ಒಂದು ಕೆರೆಯ ಏರಿ ಮುಗಿದಲ್ಲಿ ಎಡಕ್ಕೆ ಥಟ್ಟನೆ ಹೊರಳುವ ತಿರುವು. ಅಲ್ಲಿ ರಸ್ತೆಯ ಇಳಿಜಾರು ತಪ್ಪು ಕಡೆಗಿದೆ. ತಮಗಿಂತ ಹಿಂದಿದ್ದ ಓವರ್‌ಸಿಯರ್ ಮಾಡಿಸಿದ್ದು ಎಂದು ನಮ್ಮವರು ದಿನವೂ ತಪ್ಪದೆ ಹೇಳುತ್ತಿದ್ದರು. ಅವರು ಬ್ರೇಕು ಹಿಂಡಿ, ಬಿಟ್ಟು, ಎಡಕ್ಕೆ ವಾಲಿದರು. ಗಾಡಿ ವಾಲಿತು. ಎಡಗಡೆಗೆ ಇಳಿಬಿಟ್ಟ ನನ್ನ ಕಾಲಿನ ಕೆಳಗೆ ರಸ್ತೆ ಮೇಲಕ್ಕೆದ್ದು ಬರುತ್ತಿರುವಂತೆ ಕಂಡಿತು. ಆ ಕ್ಷಣದಲ್ಲಿ ನನಗಿದ್ದದ್ದು ಒಂದೇ ಯೋಚನೆ: ಭರಣಿ ವಾಲಬಾರದು. ನಾನು ಭರಣಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ದೇವರ ದೀಪ ಹಿಡಿದಂತೆ, ಪೂರಾ ನೆಟ್ಟಗೆ ಹಿಡಿದೆ. ನಾನೂ ನೆಟ್ಟಗಾದೆ.

ಇಲ್ಲಿ ಭೌತವಿಜ್ಞಾನ ಹೇಳುವುದು ಬಹಳ ಸರಳ. ತಿರುವಿನಲ್ಲಿ ಗಾಡಿ ಎಷ್ಟು ವಾಲುತ್ತದೋ ಭರಣಿಯೊಳಗಿನ ರಸದ ಮಟ್ಟವೂ ಅಷ್ಟೇ ವಾಲುತ್ತದೆ. ಭರಣಿಯನ್ನು ಗಾಡಿಯ ಜೊತೆ ವಾಲಲು ಬಿಟ್ಟರೆ ರಸಕ್ಕೆ ತಾನು ತಿರುವಿನಲ್ಲಿದ್ದೇನೆಂಬುದೇ ತಿಳಿಯುವುದಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಕೂತಂತೆ ತೆಪ್ಪಗೆ ಕೂತಿರುತ್ತದೆ. ಗಾಡಿ ವಾಲಿದ್ದಾಗ ಭರಣಿಯನ್ನು ನೆಟ್ಟಗೆ ಹಿಡಿದರೆ ಮಾತ್ರ ರಸ ಹೊರಬದಿಗೆ ಏರಿ ಚೆಲ್ಲುತ್ತದೆ. ಎಡಕ್ಕೆ ಮುಖಮಾಡಿ ಕೂತಿದ್ದರಿಂದ ಭರಣಿಯ ಹೊರಬದಿಯಲ್ಲಿ ಇದ್ದವಳು ನಾನು. ಸಾಸಿವೆ, ಇಂಗು, ಮೆಣಸುಗಳ ಸಮೇತ ಆ ರಸ ಬಟ್ಟೆಯನ್ನು ತೋಯಿಸಿ, ನನ್ನ ತಿಳಿ ನೀಲಿ ಸೀರೆಯ ಮಡಿಲಿಗೆ ಬಂದು ಸೇರಿತು. ಎಂ.ಎಸ್ಸಿ.ಯ ಎರಡು ವರ್ಷದಲ್ಲಿ ನನಗೆ ಇಷ್ಟು ಮನಮುಟ್ಟುವಂತೆ ಯಾವ ಸೂತ್ರವನ್ನೂ ಯಾರೂ ಕಲಿಸಿರಲಿಲ್ಲ.

ಗಿರಿಜತ್ತಿಗೆ ಬಾಗಿಲು ತೆಗೆದವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇದೆಂತ ಮಾರಾಯ್ತಿ! ಭರಣಿ ತಂದ್ಯಾ, ಭರಣೀಲಿ ಮಿಂದು ಬಂದ್ಯಾ?"

"ನಾನು ಎಲ್ಲಾ ತಿರುವೂ ಕರೆಕ್ಟಾಗೇ ತಗಂಡೆ ಅಕ್ಕ. ಬೇಕಾದ್ರೆ ಇವಳನ್ನೇ ಕೇಳು," ಎಂದರು ನಮ್ಮವರು. ಅವರ ಧ್ವನಿಯಲ್ಲಿ ಹೆಂಡತಿಯ ಕೆಲಸ ತಪ್ಪಿದ ದುಃಖಕ್ಕಿಂತ ರೇಸಿನಲ್ಲಿ ಅನ್ಯಾಯವಾಗಿ ಸೋತವನ ನೋವೇ ಹೆಚ್ಚಾಗಿತ್ತು. ಹೌದು, ಅವರದೇನೂ ತಪ್ಪಿಲ್ಲ ಎಂದೆ. ಅವರು ಸಮಾಧಾನದಿಂದ ಕಚೇರಿಗೆ ಹೋದರು.

ನಾನು ಅತ್ತಿಗೆಗೆ ಶಾಲೆಯ ಕಾಗದದ ವಿಷಯ, ಬಟ್ಟೆಯ ವಿಷಯ ಎಲ್ಲ ಹೇಳಿದೆ. ಅಳಲಿಲ್ಲ, ಅಳುವುದು ನನಗೆ ಇನ್ನೊಬ್ಬರ ಮನೆಯಲ್ಲಿ ಬರುವುದಿಲ್ಲ. ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು, "ಇಷ್ಟಕ್ಕಾ?" ಎಂದು, ಒಳಗೆ ಹೋಗಿ ಟ್ರಂಕು ತೆಗೆದು, ಹಳೆಯ ಪಂಚೆಯಿಂದ ಅಷ್ಟೇ ಅಗಲದ ತುಂಡೊಂದನ್ನು ಪರ್ರನೆ ಹರಿದರು. "ಇದ್ನ ತಗಂಡು ಹೋಗು. ಬಿಳಿ ಬಟ್ಟೆಗೆ ಹೆಸ್ರು ಬರ್ದಿರ್ತದಾ? ಅಮ್ಮಂಗೆ ಎಲ್ಲಿ ಗೊತ್ತಾಗ್ತದೆ?"

ನಾನು ಬೇಡವೆನ್ನಬೇಕಾಗಿತ್ತು. ಅದಕ್ಕೆ ಕಾರಣವೂ ಇತ್ತು. ಮೈಸೂರಿನಲ್ಲಿ ಒಮ್ಮೆ ಲೋಲಕದ ಪ್ರಯೋಗದಲ್ಲಿ ಲೆಕ್ಕ ಸರಿಬರದೆ, ಪುಸ್ತಕದಲ್ಲಿದ್ದ ಉತ್ತರವನ್ನು ಎದುರಿಗಿಟ್ಟುಕೊಂಡು ಹಿಂದಿನಿಂದ ಅಂಕಿಗಳನ್ನು ತುಂಬಿದ್ದೆ. ನಮ್ಮ ಪ್ರೊಫೆಸರು ಹಾಳೆಯನ್ನು ನೋಡಿ, "ಇಷ್ಟು ಚೆನ್ನಾಗಿ ಬಂದಿದೆಯೆಂದರೆ ನೀವು ಪ್ರಯೋಗ ಮಾಡಿಲ್ಲ," ಎಂದು ವಾಪಸು ಕೊಟ್ಟಿದ್ದರು. ಅವತ್ತಿನಿಂದ ನಾನು ಅಂಕಿ ತಿದ್ದಿಲ್ಲ. ಆದರೆ ಅವತ್ತು ಹೋದದ್ದು ಬರೀ ಅಂಕ; ಈ ಸಲ ಹೋಗುವುದು ಅಟ್ಟದ ಮೇಲಿನ ಪುಸ್ತಕಗಳು. ನಾನು ಬಟ್ಟೆಯನ್ನು ತೆಗೆದುಕೊಂಡೆ. ಅತ್ತಿಗೆ ಸೀರೆಯನ್ನು ಒಗೆದು ಬಿಸಿಲಿಗೆ ಹಾಕಿದರು. ಅರಿಸಿನ ಮುಕ್ಕಾಲು ಹೋಯಿತು. ಉಳಿದದ್ದನ್ನು ನೆರಿಗೆಯ ಒಳಮಡಿಕೆಗೆ ಸೇರಿಸಿ ಉಟ್ಟೆ.

ಸಂಜೆ ಮನೆಗೆ ಬಂದಾಗ ಅತ್ತೆ ಹಿತ್ತಲ ಕಲ್ಲಿನ ಹತ್ತಿರ ಕೈಕಾಲು ತೊಳೆಯುತ್ತಿದ್ದರು. ನಾನು ಬಟ್ಟೆಯನ್ನು ಕೊಟ್ಟೆ. ಅವರು ಅದನ್ನು ನೋಡಲೇ ಇಲ್ಲ. ನೇರವಾಗಿ ಮೂಗಿಗೆ ಹಿಡಿದರು.

"ನುಸಿಗುಳಿಗೆ ವಾಸನೆ," ಎಂದರು.

ಇನ್ನೊಂದು ಸಲ ಮೂಸಿದರು.

"ಒಂದು ತೊಟ್ಟು ಚೆಲ್ದೆ ಇದ್ರೂ ಭರಣಿ ಬಾಯಿಗೆ ಕಟ್ಟಿದ್ದು ಇಂಗಿನ ವಾಸನೆ ಬರ್ಬೇಕಲ್ಲ. ಗಿರಿಜನ ಟ್ರಂಕಿಂದಲ್ದಾ?"

ಇಷ್ಟು ಚೆನ್ನಾಗಿ ಬಂದಿದೆಯೆಂದರೆ ನೀವು ಪ್ರಯೋಗ ಮಾಡಿಲ್ಲ. ಪ್ರೊಫೆಸರ ಮಾತು ಹಿತ್ತಲಲ್ಲೇ ಕೇಳಿಸಿದಂತಾಯಿತು. "ಹೌದು ಅತ್ತೆ. ಚೆಲ್ಲಿತು," ಎಂದೆ.

"ಎಲ್ಲಿ?"

"ಕೆರೆ ಏರಿ ತಿರುವಿನಲ್ಲಿ."

"ಸೀನ ಗಬಕ್ಕನೆ ಬ್ರೇಕ್ ಹಾಕಿದ್ನಾ?"

"ಇಲ್ಲ. ಮೊದಲೇ ಹಾಕಿ ಬಿಟ್ಟಿದ್ರು. ಗಾಡಿ ಸರಿಯಾಗೇ ವಾಲಿತ್ತು."

"ಭರಣಿ?"

"ನೆಟ್ಟಗೆ ಹಿಡ್ಕೊಂಡಿದ್ದೆ."

"ನೀನು?"

"ನಾನೂ ನೆಟ್ಟಗಿದ್ದೆ."

ಅತ್ತೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು. ಆಮೇಲೆ ಪಕ್ಕದಲ್ಲಿದ್ದ ಹಿಡಿಯ ಚೊಂಬನ್ನು ಅಂಚಿನವರೆಗೆ ತುಂಬಿಸಿ, ಸೆರಗು ಸಿಕ್ಕಿಸಿ, ತೋಳನ್ನು ಪೂರಾ ಚಾಚಿ ಗಿರ್ರನೆ ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ತಿರುಗಿಸಿದರು. ಚೊಂಬು ತಲೆಕೆಳಗಾಗಿ ಮೇಲೆ ಹೋಗಿ ಕೆಳಗೆ ಬಂತು. ಒಂದು ಹನಿಯೂ ಚೆಲ್ಲಲಿಲ್ಲ. ಅದನ್ನು ಕಲ್ಲಿನ ಮೇಲಿಟ್ಟು, ಏದುಸಿರು ಬಿಡುತ್ತ, "ಚೊಂಬು ಕೈ ಜೊತೆ ಹೋಗ್ಬೇಕು. ಕೈ ಒಂದು ಕಡೆ, ಚೊಂಬು ಒಂದು ಕಡೆ ಅಂದ್ರೆ ಚೆಲ್ದೆ ಇರ್ತದಾ? ನಿಟ್ಟೂರಲ್ಲಿ ಎಂಟು ವರ್ಷದ ಹುಡುಗೀರಿಗೆ ಗೊತ್ತಿರೋದು. ಎಂತ ಕಲಿಸಿದ್ರೇ ನಿಂಗೆ ಮೈಸೂರಲ್ಲಿ?" ಎಂದರು.

ಇದನ್ನೇ ಕಲಿಸಿದರು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಶಾಲೆಗೆ ಸೇರಿದರೆ ಮೊದಲ ವಾರ ಮಾಡಿ ತೋರಿಸಬೇಕೆಂದು ನಾನು ಬರೆದಿಟ್ಟುಕೊಂಡಿದ್ದ ಪ್ರಯೋಗ ಇದೇ ಆಗಿತ್ತೆಂದು ಹೇಳುವುದಂತೂ ಸಾಧ್ಯವೇ ಇರಲಿಲ್ಲ.

"ಗಾಡಿದು ತಪ್ಪಿಲ್ಲ, ಸೀನಂದು ತಪ್ಪಿಲ್ಲ," ಎಂದು ಅತ್ತೆ ತೀರ್ಪು ಹೇಳಿದರು. "ನಿಂಗೆ ಭರಣಿ ಹಿಡಿಯೋಕೂ ಬರಲ್ಲ, ಸುಳ್ಳು ಹೇಳೋಕೂ ಬರಲ್ಲ. ಮನೇಲಿ ಇಟ್ಕಂಡು ನಾನಾದ್ರೂ ಎಂತ ಮಾಡ್ಲಿ? ಕಾಗದ ಬರಿ, ಹೋಗಿ ಮಕ್ಳಿಗೆ ಪಾಠ ಹೇಳು. ನನ್ನ ಭರಣಿ ಮಾತ್ರ ಇನ್ನು ಮುಟ್ಬೇಡ."

ಅರ್ಹತೆಯ ಮೇಲೆ ಕೆಲಸ ಪಡೆದವರನ್ನು ನಾನು ಅನೇಕರನ್ನು ಬಲ್ಲೆ. ಅನರ್ಹತೆಯನ್ನು ಇಷ್ಟು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸಿ ಕೆಲಸಕ್ಕೆ ಸೇರಿದವಳು ಬಹುಶಃ ನಾನೊಬ್ಬಳೇ. ಅಟ್ಟದಿಂದ ಪುಸ್ತಕಗಳು ಇಳಿದವು. ನಂತರದ ಭಾನುವಾರ ಅತ್ತೆ, ಚೆಲ್ಲಿಹೋದದ್ದಕ್ಕೆ ಬದಲಾಗಿ ಇನ್ನೊಂದು ಭರಣಿಯನ್ನು ಕಂಠದವರೆಗೆ ತುಂಬಿಸಿ, ತಾವೇ ಮಗನ ಹಿಂದೆ ಕೂತು ಸಾಗರಕ್ಕೆ ಹೋಗಿಬಂದರು. "ಅಮ್ಮ ತಿರುವಲ್ಲಿ ನನಗಿಂತ ಮೊದಲೇ ವಾಲ್ತಾರೆ ಮಾರಾಯ್ತಿ," ಎಂದು ನಮ್ಮವರು ಬೆರಗಾಗಿ ಹೇಳಿದರು. ಅತ್ತೆ ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಕಲೆಯಿರಲಿಲ್ಲ. ನಾನು ಮೂಸಿ ನೋಡಿದೆ. ಇಂಗಿನ ವಾಸನೆ.

ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಒಂದು ದಿನ ಕಪ್ಪುಹಲಗೆಯ ಮೇಲೆ ವಾಲಿದ ಮೋಟಾರ್ ಸೈಕಲ್ಲಿನ ಚಿತ್ರ ಬರೆದು, ಅದರ ಮೇಲೊಂದು ಪಾತ್ರೆ ಬರೆದು, ರಸ ಏಕೆ ಚೆಲ್ಲುವುದಿಲ್ಲವೆಂದು ವಿವರಿಸಿದೆ. ಪಾಠ ಚೆನ್ನಾಗಿ ಆಯಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ನೀವು ಮಾಡಿ ನೋಡಿದೀರಾ ಟೀಚರ್?" ಎಂದು ಕೇಳಿದಳು.

"ಈ ಪ್ರಯೋಗ ನಮ್ಮ ಮನೆಯಲ್ಲಿ ಎರಡು ಸಲ ಆಗಿದೆ. ಒಂದು ಸಲ ಚೆಲ್ಲಿತು, ಒಂದು ಸಲ ಚೆಲ್ಲಲಿಲ್ಲ," ಎಂದೆ.

ಯಾವುದನ್ನು ಯಾರು ಮಾಡಿದರೆಂದು ಅವಳು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹೇಳುವ ಅಭ್ಯಾಸ ನನಗಿಲ್ಲ. ಗಿರ್ರನೆ ತಿರುಗಿಸಿ ತೋರಿಸಲೆಂದು ಮೇಜಿನ ಮೇಲೆ ತುಂಬಿ ಇಟ್ಟಿದ್ದ ಚೊಂಬನ್ನು ಅವಳ ಕೈಗೆ ಕೊಟ್ಟು, ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.